ನಾರ್ಮಲ್ ಮನುಷ್ಯನ ಕಾಣೆಯಾದ ಚೂರು

ಫ್ಯಾನ್ ಹಾಕಿದ್ದು ಯಾರು ಎಂದು ಅವನು ಮೂರನೇ ಸಲ ಕೇಳಿದಾಗಲೂ ಯಾರೂ ಒಪ್ಪಿಕೊಳ್ಳಲಿಲ್ಲ. ಪ್ರಯೋಗಾಲಯದ ಆ ಕೋಣೆಯಲ್ಲಿ ಫ್ಯಾನ್ ಇತ್ತು, ಅದರ ಸ್ವಿಚ್ಚಿನ ಮೇಲೆ ‘ಮುಟ್ಟಬೇಡಿ’ ಎಂಬ ಚೀಟಿಯೂ ಇತ್ತು, ಚೀಟಿ ಅಂಟಿಸಿದವನೂ ಅವನೇ. ಮೇಜಿನ ಮೇಲೆ ವರ್ಣತಂತುಗಳನ್ನು ಕತ್ತರಿಸಿಟ್ಟಿರುವಾಗ ಗಾಳಿ ಆಡಕೂಡದು. ವರ್ಣತಂತು ಎಂದರೆ ನಿಜವಾದದ್ದಲ್ಲ, ಅದರ ಫೋಟೋ. ಯಾರದೋ ರಕ್ತದ ಒಂದು ಜೀವಕೋಶ ಎರಡಾಗಲು ಹೊರಟಿರುವಾಗ ಔಷಧ ಹಾಕಿ ಅರ್ಧ ದಾರಿಯಲ್ಲೇ ಅದನ್ನು ತಡೆದು, ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಫೋಟೋ ತೆಗೆದು, ದೊಡ್ಡದು ಮಾಡಿಸಿ, ಅದರಲ್ಲಿ ಚೆಲ್ಲಾಪಿಲ್ಲಿ ಬಿದ್ದಿರುವ ನಲವತ್ತಾರು ಕರಿಯ ತುಂಡುಗಳನ್ನು ಸಣ್ಣ ಕತ್ತರಿಯಿಂದ ಒಂದೊಂದಾಗಿ ಬಿಡಿಸಿ, ಜೋಡಿ ಹುಡುಕಿ, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಹಾಳೆಗೆ ಅಂಟಿಸುವುದು ಅವನ ಕೆಲಸ. ಬೇರೆ ಕಡೆ ಇದನ್ನೆಲ್ಲ ಕಂಪ್ಯೂಟರೇ ಮಾಡುತ್ತದಂತೆ. ಇಲ್ಲಿಗೂ ಇನ್ನೇನು ಬಂತು ಎನ್ನುತ್ತ ಎನ್ನುತ್ತಲೇ ಇಬ್ಬರು ಮುಖ್ಯಸ್ಥರು ನಿವೃತ್ತರಾಗಿದ್ದರು. ತೀರ ಚಿಕ್ಕ ತುಂಡು ಅಕ್ಕಿ ಕಾಳಿಗಿಂತ ದೊಡ್ಡದಿರುವುದಿಲ್ಲ. ಒಂದು ಸೀನು ಸಾಕು, ಒಬ್ಬ ಮನುಷ್ಯನ ಹಣೆಬರಹ ಮೇಜಿನಿಂದ ಹಾರಿಹೋಗಲು. ಹೀಗೆಂದು ಹೊಸಬರಿಗೆಲ್ಲ ಉಪದೇಶ ಮಾಡುತ್ತಿದ್ದವನ ಹಾಳೆಯ ಮೇಲೆ ಈಗ ನಲವತ್ತೈದೇ ತುಂಡುಗಳಿದ್ದವು.

"ಸರ್, ನಿಮ್ಮ ಅಂಗಿ ತೋಳು ಕೊಡವಿ ನೋಡಿ" ಎಂದಳು ಬಣ್ಣದಮ್ಮ. ಗಾಜಿನ ಪಟ್ಟಿಗಳಿಗೆ ಬಣ್ಣ ಹಚ್ಚುವುದು ಅವಳ ಕೆಲಸವಾದ್ದರಿಂದ ಅವಳ ಬೆರಳುಗಳು ಯಾವಾಗಲೂ ನೇರಳೆ. ಅವಳು ಆಗಲೇ ಟಾರ್ಚ್ ಹಿಡಿದು ಮೇಜಿನ ಕೆಳಗೆ ನುಸುಳಿದ್ದಳು. "ಯಾರದು ಸರ್ ಇದು?"

"ಕಂಟ್ರೋಲ್‌ದು."

"ಕಂಟ್ರೋಲ್ ಅಂದ್ರೆ ನಿಮ್ದೇ ಅಲ್ವಾ? ಅಯ್ಯೋ ದೇವರೇ, ನಿಮ್ದಾ ಕಳೆದುಹೋಗಿರೋದು!" ಎಂದು ಮೇಜಿನ ಕೆಳಗಿನಿಂದಲೇ ನಕ್ಕಳು. ಅವನಿಗೆ ನಗು ಬರಲಿಲ್ಲ. ಅಂಗಿಯ ತೋಳು ಕೊಡವಿದ, ಕಾಲರ್ ತಿರುಗಿಸಿದ, ಅಂಗೈಗೆ ಅಂಟಿದೆಯೇ ನೋಡಿದ, ಮಧ್ಯಾಹ್ನದ ಊಟದ ಡಬ್ಬಿಯ ಮುಚ್ಚಳವನ್ನೂ ತೆಗೆದು ಇಣುಕಿದ. ಊಟದ ಜೊತೆ ತನ್ನ ಒಂದು ವರ್ಣತಂತುವನ್ನು ತಾನೇ ನುಂಗಿಬಿಟ್ಟೆನೇನೋ ಎಂಬ ಯೋಚನೆಯೂ ಬಂತು.

ಅವನ ಅಡ್ಡಹೆಸರು ನಾರ್ಮಲ್. ರೋಗಿಗಳ ರಕ್ತವನ್ನು ಕೊಳವೆಯಲ್ಲಿ ಬೆಳೆಸುವಾಗ ಆರೋಗ್ಯವಂತನೊಬ್ಬನ ರಕ್ತವನ್ನೂ ಜೊತೆಗೆ ಇಡಬೇಕು. ಅದು ಚೆನ್ನಾಗಿ ಬೆಳೆದು ಬಣ್ಣ ಹಿಡಿದರೆ ಆ ದಿನದ ಔಷಧ, ಬಣ್ಣ, ಕಾವು ಎಲ್ಲ ಸರಿಯಿದೆ ಎಂದು ಲೆಕ್ಕ. ಅವನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಳೆಯ ಮುಖ್ಯಸ್ಥರು "ಯಾರದಾದ್ರೂ ನಾರ್ಮಲ್ ರಕ್ತ ಬೇಕಲ್ಲಯ್ಯ" ಎಂದು ಕೋಣೆಯನ್ನೆಲ್ಲ ಒಮ್ಮೆ ನೋಡಿದ್ದರು. ಒಬ್ಬರಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬರಿಗೆ ಸೂಜಿ ಕಂಡರೆ ತಲೆಸುತ್ತು, ಉಳಿದವನು ಅವನು. ಅಂದಿನಿಂದ ತೋಳು ಚಾಚುವುದೂ ಅವನ ಕೆಲಸದ ಒಂದು ಭಾಗವೇ ಆಗಿಹೋಯಿತು. ಬಂದವರ ರಕ್ತವನ್ನೆಲ್ಲ ಅವನ ರಕ್ತದ ಪಕ್ಕದಲ್ಲಿಟ್ಟು ನೋಡುತ್ತಿದ್ದರು. ಅವನದನ್ನು ಮಾತ್ರ ಯಾರೂ ಕತ್ತರಿಸಿ ಜೋಡಿಸಿರಲಿಲ್ಲ. ಬೆಳೆದಿದೆಯೇ, ಬಣ್ಣ ಹಿಡಿದಿದೆಯೇ, ಸರಿ, ಅಷ್ಟೇ. ಅವನ ತಾಯಿಯಂತೂ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದಿದ್ದರು: "ನನ್ನ ಮಗನ ರಕ್ತಾನೇ ಎದುರಿಗಿಟ್ಕೊಂಡು ಊರೋರದ್ದೆಲ್ಲ ನೋಡ್ತಾರೆ." ಅವನು ಬಾಯಿಬಿಟ್ಟು ಜಂಬ ಪಟ್ಟವನಲ್ಲ. ಆದರೆ ಹೆಂಡತಿಯ ಜೊತೆ ಜಗಳವಾದಾಗ, ಮಾತು ಸೋತು ಸುಮ್ಮನಾದ ಹೊತ್ತಿನಲ್ಲಿ, ಆ ನಾರ್ಮಲ್ ಎಂಬ ಶಬ್ದ ಒಳಗೆಲ್ಲೋ ಒರಗುದಿಂಬಿನಂತೆ ಇರುತ್ತಿತ್ತು.

ಹೋದ ವಾರ ಬಂದ ಹೊಸ ಡಾಕ್ಟರಮ್ಮನಿಗೆ ಇದೆಲ್ಲ ತಿಳಿಯದು. ಅವನ ಮಗಳ ವಯಸ್ಸಿನವರು. ಬಂದ ದಿನವೇ "ಕಂಟ್ರೋಲ್‌ನೂ ಕತ್ತರಿಸಿ ಅಂಟಿಸಿ, ಫೈಲಿಗೆ ಬೇಕು" ಎಂದಿದ್ದರು. ಈಗ ಬಾಗಿಲಲ್ಲಿ ನಿಂತು, ನೆಲದ ಮೇಲೆ ಮಂಡಿಯೂರಿದ ಇಬ್ಬರನ್ನೂ ನೋಡಿ, ವಿಷಯ ಕೇಳಿ, "ನೆಲ ಯಾಕೆ ಹುಡುಕ್ತೀರಿ? ಬೇರೆ ಕೋಶದ ಫೋಟೋ ತೆಗೆದು ಎಣಿಸಿ" ಎಂದರು. ಅಷ್ಟು ಸುಲಭದ ಮಾತು ತನಗೇಕೆ ಹೊಳೆಯಲಿಲ್ಲ ಎಂದು ಅವನಿಗೆ ಅವಮಾನವಾಯಿತು. ರೋಗಿಯದಾಗಿದ್ದರೆ ಮೊದಲು ಮಾಡುತ್ತಿದ್ದದ್ದೇ ಅದು. ತನ್ನದಾದ್ದರಿಂದ, ಕಡಿಮೆಯಿದೆ ಎಂದರೆ ಹಾರಿಹೋಗಿರಲೇಬೇಕು ಎಂದು ಮನಸ್ಸು ತಾನಾಗಿಯೇ ತೀರ್ಪು ಕೊಟ್ಟಿತ್ತು. ಇನ್ನೊಂದು ಫೋಟೋ ತೆಗೆದ. ಎಣಿಸಿದ. ಮತ್ತೆ ಪೆನ್ಸಿಲಿನಿಂದ ಗುರುತು ಹಾಕುತ್ತ ಎಣಿಸಿದ. ಇನ್ನೊಂದು, ಮತ್ತೊಂದು. ಎಲ್ಲದರಲ್ಲೂ ನಲವತ್ತೈದು. ಇಷ್ಟೊಂದು ಫೋಟೋಗಳಲ್ಲಿ ಫ್ಯಾನ್ ಹಾಕಿದ್ದು ಯಾರು ಎಂದು ಕೇಳುವಂತಿರಲಿಲ್ಲ.

ಡಾಕ್ಟರಮ್ಮ ಕುರ್ಚಿ ಎಳೆದು ಪಕ್ಕದಲ್ಲೇ ಕೂತು ಪೆನ್ಸಿಲಿನ ತುದಿಯಿಂದ ತೋರಿಸಿದರು. ಅವರಿಗೆ ಖುಷಿಯೋ ಖುಷಿ. "ಏನೂ ಕಳೆದಿಲ್ಲ ನೋಡಿ. ನಿಮ್ಮ ಹದಿನಾಲ್ಕನೇ ಜೋಡೀಲಿ ಒಂದು, ಇಪ್ಪತ್ತೊಂದನೇ ಜೋಡೀಲಿ ಒಂದು, ಎರಡೂ ತಲೆಗೆ ತಲೆ ಅಂಟಿಕೊಂಡಿವೆ. ಸಾಮಾನೆಲ್ಲ ಇದೆ. ಗಂಟು ಮಾತ್ರ ಒಂದು ಕಡಿಮೆ." ಇದು ಅವನಿಗೆ ತಿಳಿಯದ ವಿಷಯವಲ್ಲ, ಹೊರಗಿನ ಬೆಂಚಿನ ಮೇಲೆ ಕೈ ಹಿಡಿದು ಕೂತ ಎಷ್ಟೋ ಗಂಡಹೆಂಡಿರಿಗೆ ಅವನೇ ವಿವರಿಸಿದ್ದ. ಆದರೂ ಈಗ ಬಾಯಿಗೆ ಬಂದದ್ದು ಅವರೆಲ್ಲ ಕೇಳುತ್ತಿದ್ದ ಅದೇ ಪೆದ್ದು ಪ್ರಶ್ನೆ.

"ನಂಗೇನಾದ್ರೂ ಆಗತ್ತಾ ಮೇಡಂ?"

"ನಿಮಗೇನಾಗತ್ತೆ, ಗುಂಡುಕಲ್ಲಿನ ಹಾಗಿದೀರ! ಮೈಯಲ್ಲಿ ಕೋಶ ಒಂದು ಎರಡಾಗೋವಾಗ ಎಲ್ಲದಕ್ಕೂ ನಕಲು ತೆಗೆದು ಇಬ್ಬರಿಗೂ ಪೂರ್ತಿ ಕೊಡತ್ತೆ. ಅಂಟಿದ್ದು ಅಂಟಿದ ಹಾಗೇ ನಕಲಾಗತ್ತೆ, ಯಾರಿಗೂ ನಷ್ಟ ಇಲ್ಲ. ಫಜೀತಿ ಬರೋದು ವೀರ್ಯಾಣು ಆಗೋವಾಗ. ಆಗ ಜೋಡಿ ಬಿಡಿಸಿ ಅರ್ಧರ್ಧ ಹಂಚಬೇಕಲ್ಲ, ಇವೆರಡು ಕೈ ಬಿಡಲ್ಲ. ಒಂದು ಕಡೆ ಹೆಚ್ಚಾಗತ್ತೆ, ಇನ್ನೊಂದು ಕಡೆ ಕಡಿಮೆ. ಅಂಥದ್ರಿಂದ ನಿಂತ ಬಸುರು ಸಾಮಾನ್ಯವಾಗಿ ಉಳಿಯಲ್ಲ. ಸರಿಯಾಗಿ ಹಂಚಿಕೆಯಾದ್ರೆ ಮಗು ಚೆನ್ನಾಗೇ ಹುಟ್ಟತ್ತೆ." ಅವರು ಪೆನ್ಸಿಲ್ ಕೆಳಗಿಟ್ಟರು. "ನಿಮಗೆ ಮಕ್ಕಳು?"

"ಒಬ್ಳು ಮಗಳು. ಮದುವೆ ಆಗಿದೆ."

"ಮನೆಯವರಿಗೆ ಯಾವತ್ತಾದ್ರೂ ಬಸುರು ನಿಲ್ಲದೆ ಹೋಗಿದ್ದು ಉಂಟಾ?"

"ಇಲ್ಲ" ಎಂದ ಅವನು. ಯಾಕೆ ಹಾಗೆಂದನೋ. ಕೇಳಿದವರು ಮಗಳ ವಯಸ್ಸಿನವರಾದ್ದರಿಂದ ಇರಬಹುದು. ಬಣ್ಣದಮ್ಮ ಇನ್ನೂ ಟಾರ್ಚ್ ಹಿಡಿದು ಮೇಜಿನ ಕೆಳಗೇ ಕೂತಿದ್ದರಿಂದಲೂ ಇರಬಹುದು. ಮಗಳ ರಕ್ತ ಒಂದು ಸಲ ನೋಡುವುದು ಒಳ್ಳೆಯದು ಎಂದು ಹೇಳಿ ಡಾಕ್ಟರಮ್ಮ ಎದ್ದುಹೋದರು.

ಸಂಜೆ ಮನೆಗೆ ಹೊರಟ ಬಸ್ಸಿನಲ್ಲಿ ಸೀಟು ಸಿಕ್ಕರೂ ಅವನು ನಿಂತೇ ಇದ್ದ. ಮಗಳಿಗಿಂತ ಮುಂಚೆ ಮೂರು ಹೋಗಿದ್ದವು. ಮೂರನೆಯ ಸಲ ಹೆಂಡತಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ಎಷ್ಟು ದಿನ ಎಂದು ಅವನಿಗೆ ನೆನಪಿಲ್ಲ, ಅವಳ ಜಡೆ ಬಿಚ್ಚಿ ಹಾಸಿಗೆಯ ಅಂಚಿನಿಂದ ಕೆಳಗೆ ಇಳಿಬಿದ್ದದ್ದು ಮಾತ್ರ ನೆನಪಿದೆ. ಬಾಗಿಲಲ್ಲಿ ನಿಂತು ತಾಯಿ ಅಂದಿದ್ದರು: "ಹಿಡಿದಿಟ್ಕೊಳ್ಳೋ ಶಕ್ತಿ ಇಲ್ಲ ಇವಳಿಗೆ." ಆಮೇಲೆ ಆ ಮಾತು ಮನೆಯ ಸಾಮಾನಿನಲ್ಲಿ ಒಂದಾಗಿ ಉಳಿದುಬಿಟ್ಟಿತು. ಹಾಲು ಉಕ್ಕಿದರೆ, ಕೈಯಿಂದ ಲೋಟ ಜಾರಿದರೆ, ಮನೆಗೆಲಸದವಳು ಬಿಟ್ಟುಹೋದರೆ, ಇವಳ ಕೈಯಲ್ಲಿ ಏನು ತಾನೇ ನಿಂತೀತು. ಅವನು ಪೇಪರ್ ಓದುತ್ತಿದ್ದ. ಆ ವರ್ಷಗಳಲ್ಲಿ ಅವನು ಓದಿದಷ್ಟು ಪೇಪರನ್ನು ಇನ್ನಾರೂ ಓದಿರಲಾರರು. ಹರಾಜಿನ ನೋಟೀಸುಗಳು ಕೂಡ ಅವನಿಗೆ ಬಾಯಿಪಾಠವಾಗಿದ್ದವು. ಪಕ್ಕದವನ ಚೀಲ ಮಂಡಿಗೆ ಬಡಿಯುತ್ತಿತ್ತು. ಅವಳ ರಕ್ತದ ಕೊಳವೆಯನ್ನು ಕರವಸ್ತ್ರದಲ್ಲಿ ಸುತ್ತಿ ಇದೇ ಬಸ್ಸಿನಲ್ಲಿ ಒಯ್ದಿದ್ದನಲ್ಲ. ತಾನೇ ಕತ್ತರಿಸಿ, ತಾನೇ ಜೋಡಿಸಿ, ತಾನೇ ಅಂಟಿಸಿದ್ದ: ನಲವತ್ತಾರು, ಒಂದಕ್ಕೂ ಊನವಿಲ್ಲ. "ನನ್ನದೂ ನೋಡ್ಲಾ ಸರ್" ಎಂದು ಕೇಳಿದ್ದಕ್ಕೆ ಹಳೆಯ ಮುಖ್ಯಸ್ಥರು ಹೊಟ್ಟೆ ಹಿಡಿದು ನಕ್ಕಿದ್ದರು. "ನಿಂದೇನಯ್ಯ ನೋಡೋದು, ನೀನು ನಾರ್ಮಲ್ಲಲ್ವಾ!" ಅವನೂ ನಕ್ಕಿದ್ದ. ಆ ನಗುವಿನಲ್ಲಿ ಎಷ್ಟು ಸಮಾಧಾನವಿತ್ತು ಎಂಬುದು ಈಗ ನೆನಪಾಗಿ ಬಸ್ಸಿನ ಕಂಬಿಯನ್ನು ಬಿಗಿಯಾಗಿ ಹಿಡಿದ. ಮನೆಗೆ ಹೋಗಿ ಹೆಂಡತಿಗೆ ಹೇಳಿದ್ದು, ಈ ಪರೀಕ್ಷೆಯಲ್ಲಿ ಎಲ್ಲವೂ ಗೊತ್ತಾಗುವುದಿಲ್ಲ ಎಂದು.

ಬೆಳಿಗ್ಗೆ ಕ್ಷೌರ ಮಾಡಿಕೊಳ್ಳುವಾಗ ಕೊಯ್ದುಕೊಂಡ ಕೆನ್ನೆ ಉರಿಯುತ್ತಿತ್ತು. ಅಲ್ಲಿಯೂ ಈಗ ಚರ್ಮದ ಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ, ಗಾಯ ತುಂಬುತ್ತಿರಬೇಕು. ಪ್ರತಿಯೊಂದರಲ್ಲೂ ಆ ಅಂಟಿಕೊಂಡ ಜೋಡಿ. ಕಾಲ ಬೆರಳಿನಲ್ಲಿ, ಕಿವಿಯ ಹಾಲೆಯಲ್ಲಿ, ಬೋಳಾಗುತ್ತಿರುವ ನೆತ್ತಿಯಲ್ಲಿ. ಹುಟ್ಟುವ ಮೊದಲಿನಿಂದ ಈವರೆಗೆ ಕೋಟಿಕೋಟಿ ನಕಲು ತೆಗೆದಿದ್ದರೂ ಒಂದು ಕೋಶವಾದರೂ ಇದೇನಿದು ಹೀಗೆ ಎಂದು ನಿಂತು ಕೇಳಿರಲಿಲ್ಲ. ಕೊಟ್ಟದ್ದನ್ನು ಕೊಟ್ಟ ಹಾಗೇ ದಾಟಿಸಿ, ಪೇಪರ್ ಓದುತ್ತ ಕೂತಿದ್ದವು. ಇಂದು ಬೆಳಿಗ್ಗೆಯೂ ಅವನು ಪೇಪರ್ ಹಿಡಿದೇ ಕೂತಿದ್ದ, ಅಡುಗೆಮನೆಯಿಂದ ಹೆಂಡತಿಯ ಮಾತು ಕೇಳುತ್ತಿತ್ತು. ಮಗಳಿಗೆ ಹೋದ ತಿಂಗಳು ಮೊದಲ ಬಸುರು ಉಳಿದಿರಲಿಲ್ಲ. ಅವಳ ಅತ್ತೆ ಆಗಲೇ ಏನೋ ಅನ್ನಲು ಶುರು ಮಾಡಿದ್ದರು. ಹೆಂಡತಿ ಫೋನಿನಲ್ಲಿ ಹೇಳುತ್ತಿದ್ದಳು, "ನಂದೇ ನಿಂಗೆ ಬಂದಿರೋದು ಕಣೇ. ನಿಮ್ಮಪ್ಪನ ಕಡೆ ಅಂಥದ್ದೇನಿಲ್ಲ. ನನ್ನ ಹೊಟ್ಟೇಲಿ ಹುಟ್ಟಿದ್ದಕ್ಕೆ ನೀನು ಅನುಭವಿಸೋ ಹಾಗಾಯ್ತು." ಆಗ ಅವನು ಪುಟ ತಿರುವಿದ್ದ.

ಇಳಿಯಬೇಕಾದ ಸ್ಟಾಪ್ ಬಿಟ್ಟು ಮುಂದಿನದರಲ್ಲಿ ಇಳಿದು ಹಿಂದಕ್ಕೆ ನಡೆದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಮನೆಯ ಬಾಗಿಲು ತೆರೆದೇ ಇತ್ತು. ಹೆಂಡತಿ ಮುಂದಿನ ಕೋಣೆಯಲ್ಲಿ ಒಣಗಿದ ಬಟ್ಟೆ ಮಡಿಸುತ್ತಿದ್ದಳು.

"ಏನ್ರೀ ಮುಖ ಹಾಗಿದೆ? ಕೆಲಸದಿಂದ ತೆಗೆದ್ರಾ?"

"ಇಲ್ಲ. ಎಣಿಸಿದ್ರು."

"ಏನನ್ನ?"

"ನನ್ನನ್ನ" ಎಂದ. ಜೋಡಿಸಿಕೊಂಡು ಬಂದ ಮಾತೆಲ್ಲ ಅಲ್ಲಿಗೇ ಮುಗಿಯಿತು. ಬೆಂಚಿನ ಮೇಲಿನ ಗಂಡಹೆಂಡಿರಿಗೆ ಕಾಗದದಲ್ಲಿ ಚಿತ್ರ ಬರೆದು ಹೇಳುತ್ತಿದ್ದವನಿಗೆ ಇಲ್ಲಿ ಪೆನ್ನು ಹುಡುಕಲೂ ತೋಚದೆ, ಕಾಲಿನಿಂದ ಬಿಚ್ಚಿದ ಬೂಟುಗಳನ್ನೇ ಕೈಗೆತ್ತಿಕೊಂಡು ಹೊಸ್ತಿಲ ಬಳಿ ಕುಕ್ಕರಗಾಲಲ್ಲಿ ಕೂತ. ಒಂದು ಮೂಲೆಯಲ್ಲಿ ತಾಯಿಯ ಚಪ್ಪಲಿಗಳಿದ್ದವು. ಬೇರೆಯವರ ಚಪ್ಪಲಿ, ಅದರಲ್ಲೂ ಸೊಸೆಯದು, ತಮ್ಮದಕ್ಕೆ ತಾಗಬಾರದು ಎಂದು ತಾಯಿ ಅವನ್ನು ಯಾವಾಗಲೂ ದೂರ ಇಡುತ್ತಿದ್ದರು. ಅವನು ತನ್ನ ಒಂದು ಬೂಟಿನ ದಾರವನ್ನು ತಾಯಿಯ ಒಂದು ಚಪ್ಪಲಿಯ ಪಟ್ಟಿಗೆ ಸುತ್ತಿ ಗಂಟು ಹಾಕಿದ. ಬಿಚ್ಚಿಹೋಗದಿರಲೆಂದು ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿದ. ಹೆಂಡತಿ ಮಡಿಸುತ್ತಿದ್ದ ಟವೆಲನ್ನು ಹಾಗೇ ಹಿಡಿದು ನೋಡುತ್ತಿದ್ದಳು. ಇವನಿಗೆ ಏನೋ ಆಗಿದೆ ಎಂಬ ಗಾಬರಿ ಅವಳ ಮುಖದಲ್ಲಿತ್ತು.

"ನೋಡು. ಇದು ಬೂಟಿನ ಜೋಡಿ, ಇದು ಚಪ್ಪಲಿ ಜೋಡಿ. ಮಗುವಿಗೆ ನಮ್ಮಿಂದ ಅರ್ಧ ಹೋಗ್ಬೇಕು. ಪ್ರತಿ ಜೋಡಿಯಿಂದ ಒಂದು ಹೊಸ್ತಿಲಾಚೆ, ಒಂದು ಹೊಸ್ತಿಲೀಚೆ. ಇವೆರಡು ಕಟ್ಟಿಕೊಂಡಿವೆ, ಬಿಡಲ್ಲ." ಗಂಟು ಹಾಕಿದ್ದನ್ನು ಹೊರಕ್ಕೆ ತಳ್ಳಿದ. ಬಿಡಿ ಚಪ್ಪಲಿಯನ್ನೂ ಹೊರಗೆ ಎಸೆದ. ಬಿಡಿ ಬೂಟು ಒಳಗೆ ಉಳಿಯಿತು. "ಆಚೆ ಚಪ್ಪಲಿ ಎರಡಾಯ್ತು. ಈಚೆ ಚಪ್ಪಲಿಯೇ ಇಲ್ಲ. ಹೀಗಾದ್ರೆ ಸಾಮಾನ್ಯವಾಗಿ ಯಾವ ಕಡೆದೂ ಉಳಿಯಲ್ಲ. ಕಟ್ಟಿದ್ದು ಪೂರ್ತಿ ಒಂದು ಕಡೆ, ಬಿಡಿ ಎರಡೂ ಇನ್ನೊಂದು ಕಡೆ ಹೋದ್ರೆ ಸರಿ. ನಮ್ಮ ಮಗಳು ಹಾಗೆ ಬಂದೋಳು."

"ಇದು ಯಾರದು?"

"ನನ್ನದು. ಇವತ್ತು ಗೊತ್ತಾಯ್ತು. ಆ ಮೂರೂ ನನ್ನಿಂದಲೇ ಇರಬೇಕು. ನಿನ್ನದು ಆಗಲೇ ನೋಡಿದ್ನಲ್ಲ, ನಿನ್ನದು ಸರಿಯಾಗಿತ್ತು."

ಹೆಂಡತಿ ಟವೆಲನ್ನು ಮಡಿಸಿ ರಾಶಿಯ ಮೇಲಿಟ್ಟಳು. ಅಳುತ್ತಾಳೆ ಎಂದುಕೊಂಡಿದ್ದ. ಅವಳು ಅಳಲಿಲ್ಲ. "ನಿಮಗೆ ಗೊತ್ತಿರಲಿಲ್ಲ ಅಂತೀರಿ. ಆಯ್ತು, ಒಪ್ಪಿದೆ. ಯಾರಿಗೂ ಗೊತ್ತಿಲ್ದೆ ಇದ್ದಾಗ, ಅದು ನಂದೇ ಅಂತ ಈ ಮನೇಲಿ ಹೇಗೆ ತೀರ್ಮಾನ ಆಯ್ತು?"

ಇಷ್ಟು ವರ್ಷ ಯಾರ್ಯಾರದೋ ಒಳಗನ್ನು ಕತ್ತರಿಸಿ ನೋಡಿದವನಿಗೆ ಈ ಒಂದು ಪ್ರಶ್ನೆ ಕೇಳಿಕೊಳ್ಳಲು ತೋಚಿರಲಿಲ್ಲವಲ್ಲ ಎಂದು ತುಂಬ ನಾಚಿಕೆಯಾಯಿತು. ನೆಲ ನೋಡುತ್ತ ಬಿಡಿ ಬೂಟಿನ ನಾಲಗೆಯನ್ನು ಒಳಕ್ಕೂ ಹೊರಕ್ಕೂ ಮಡಿಸಿದ.

"ನನ್ನ ಚಪ್ಪಲೀನ ಬೀದಿಗೆ ಎಸೆದೋರು ಯಾರು?" ಎನ್ನುತ್ತ ತಾಯಿ ಒಳಕೋಣೆಯಿಂದ ಹೊರಬಂದರು. ಸಂಜೆ ನಡೆಯಲು ಹೋಗುವ ಹೊತ್ತು. ಅವರಿಗೆ ಕಿವಿ ಮಂದ ಎಂದು ಎಲ್ಲರೂ ನಂಬಿದ್ದರು, ತಮಗೆ ಬೇಡದ್ದು ಮಾತ್ರ ಕೇಳಿಸುವುದಿಲ್ಲ ಎಂದು ಸೊಸೆಗೆ ಗೊತ್ತಿತ್ತು. ಹೊರಗೆ ಬೂಟಿಗೆ ಕಟ್ಟಿಬಿದ್ದಿದ್ದ ತಮ್ಮ ಚಪ್ಪಲಿಯನ್ನು ಅವರು ಬಹಳ ಹೊತ್ತು ನೋಡಿದರು. ಆಮೇಲೆ ಗೋಡೆ ಹಿಡಿದುಕೊಂಡು ಕುರ್ಚಿಯ ಮೇಲೆ ಕೂತರು. "ನಿನಗಿಂತ ಮುಂಚೆ ನಾಲ್ಕು ಹೋದ್ವು" ಎಂದರು.

ಅವನು ತಲೆಯೆತ್ತಿದ. ಅವನಿಗೂ ಅಕ್ಕನಿಗೂ ಹನ್ನೊಂದು ವರ್ಷ ಅಂತರ. "ಅಪ್ಪನಿಗೆ ಮೇಲಿಂದ ಮೇಲೆ ವರ್ಗ ಆಗ್ತಿತ್ತು, ಅದಕ್ಕೇ ಅಂತಿದ್ಯಲ್ಲಮ್ಮ?"

"ವರ್ಗಾನೂ ಆಗ್ತಿತ್ತು" ಎಂದರು ತಾಯಿ. "ನಮ್ಮತ್ತೆ ನಿಂತಲ್ಲಿ ಕೂತಲ್ಲಿ ಹೇಳೋರು, ಹಿಡಿದಿಟ್ಕೊಳ್ಳೋ ಶಕ್ತಿ ಇಲ್ಲ ಇವಳಿಗೆ ಅಂತ."

ಅವರು ಅದನ್ನು ಹೇಳಿದ ಧಾಟಿಯೂ ಅದೇ, ‘ಇವಳಿಗೆ’ ಎನ್ನುವಲ್ಲಿ ಕೊಡುವ ಒತ್ತೂ ಅದೇ. ಒಂದಕ್ಷರ ಆಚೀಚೆಯಾಗದೆ ಮಾತು ಒಂದು ಬಾಯಿಂದ ಇನ್ನೊಂದಕ್ಕೆ ದಾಟಿ ಬಂದಿತ್ತು. ಹೆಂಡತಿ ಅತ್ತೆಯನ್ನೇ ನೋಡುತ್ತಿದ್ದಳು. ಆ ನೋಟ ಸಹಿಸಲಾರದೆ ಅವನು ತನ್ನ ವಿದ್ಯೆಯನ್ನು ಹೊರತೆಗೆದ. "ಹಾಗಂತ ನಿನ್ನದೇ ಅಂತ ಹೇಳಕ್ಕಾಗಲ್ಲಮ್ಮ. ಅಪ್ಪನ ಕಡೆಯಿಂದಲೂ ಬಂದಿರಬಹುದು. ನಿನ್ನ ರಕ್ತ ನೋಡದೆ—"

"ನಿಮ್ಮಪ್ಪನಾ? ಆ ಮನುಷ್ಯ ಜನ್ಮದಲ್ಲಿ ಯಾರಿಗೆ ಏನು ಕೊಟ್ಟಿದ್ದಾರೆ? ನಂದೇ ಅದು."

ಹೆಂಡತಿಗೆ ಮೊದಲು ಮೂಗಿನಿಂದ ನಗು ಬಂತು. ತಡೆಯಲು ಬಾಯಿಗೆ ಮಡಿಸಿಟ್ಟ ಬಟ್ಟೆ ಒತ್ತಿಕೊಂಡಳು, ಆಗಲಿಲ್ಲ, ನಕ್ಕಳು, ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ಆಮೇಲೆ ಅದು ನಗುವೋ ಅಳುವೋ ಅವನಿಗೆ ತಿಳಿಯಲಿಲ್ಲ. ಮುಖ ಒರೆಸಿಕೊಂಡು ಫೋನ್ ಎತ್ತಿಕೊಂಡಳು. "ನಂದಲ್ವಂತೆ ಕಣೇ!" ಎಂದಳು, ಮಗಳು ಹಲೋ ಎನ್ನುವುದಕ್ಕೂ ಬಿಡದೆ. "ಬೆಳಿಗ್ಗೆ ಹೇಳಿದ್ನಲ್ಲ, ಅದು ನಂದಲ್ಲ. ನಂದು ಸರಿಯಾಗೇ ಇತ್ತಂತೆ." ಆ ದನಿಯನ್ನು ಅವನು ಮದುವೆಯ ಹೊಸದರಲ್ಲಿ ಕೇಳಿದ್ದ, ಆಮೇಲೆ ಕೇಳಿರಲಿಲ್ಲ. ಈಗಲಾದರೂ ತನ್ನ ಬಾಯಿಂದಲೇ ಹೇಳಬೇಕು, ನನ್ನ ತಪ್ಪು ಮಗಳೇ ಎನ್ನಬೇಕು ಎಂದು ಗಂಟಲು ಸರಿಮಾಡಿಕೊಂಡು ಕೈ ಚಾಚಿದ. ಫೋನು ಅವನ ಕೈ ದಾಟಿ ತಾಯಿಯ ಕೈಗೆ ಹೋಯಿತು.

"ನಾನು ಅಜ್ಜಿ. ನಿಮ್ಮಮ್ಮಂದೇನೂ ಇಲ್ಲ ಇದರಲ್ಲಿ. ನಂದು ಬಂದಿರೋದು ನಿಂಗೆ, ಬಂದಿದ್ರೆ. ರಕ್ತ ಕೊಡು, ನಿಮ್ಮಪ್ಪ ನೋಡ್ತಾನೆ, ಅವನಿಗೆ ಬರೋದು ಅದೊಂದೇ. ನಾಲ್ಕು ಹೋದ್ಮೇಲೂ ಇವನು ಹುಟ್ಟಿಲ್ವಾ, ಮೂರು ಹೋದ್ಮೇಲೂ ನೀನು ಹುಟ್ಟಿಲ್ವಾ? ನಿಮ್ಮತ್ತೆ ಏನಾದ್ರೂ ಅಂದ್ರೆ ಫೋನು ನಂಗೆ ಕೊಡು, ನಾನು ಮಾತಾಡ್ತೀನಿ." ಫೋನ್ ಕೆಳಗಿಟ್ಟು, ಎದ್ದು, ಬಾಗಿಲಿಗೆ ಬಂದರು. ಗಂಟುಬಿದ್ದ ತಮ್ಮ ಚಪ್ಪಲಿಯನ್ನು ಒಮ್ಮೆ ನೋಡಿ, ಗೋಡೆ ಪಕ್ಕ ಇದ್ದ ಸೊಸೆಯ ಚಪ್ಪಲಿಯೊಳಗೆ ಕಾಲು ತೂರಿಸಿದರು. ಒಂದೆರಡು ಹೆಜ್ಜೆ ಇಟ್ಟು ನೋಡಿದರು. "ಸ್ವಲ್ಪ ದೊಡ್ಡದು" ಎಂದು ಯಾರಿಗೂ ಅಲ್ಲದಂತೆ ಹೇಳಿ ನಡೆಯಲು ಹೊರಟರು.

ಅವನು ಹೊಸ್ತಿಲ ಮೇಲೆ ಕೂತು ಬೂಟು-ಚಪ್ಪಲಿಯನ್ನು ತೊಡೆಯ ಮೇಲೆಳೆದುಕೊಂಡ. ಗಂಟು ಬಿಗಿದುಹೋಗಿತ್ತು. ಕೆಲಸಕ್ಕೆಂದು ಉಗುರುಗಳನ್ನು ಬುಡದವರೆಗೆ ಕತ್ತರಿಸಿಕೊಂಡಿದ್ದರಿಂದ ದಾರ ಕೈಗೆ ಸಿಗುತ್ತಿರಲಿಲ್ಲ. ಹಲ್ಲು ಹಾಕಿ ನೋಡಿದ. ತನಗೆ ತನ್ನ ತಪ್ಪನ್ನು ಒಪ್ಪಿಕೊಳ್ಳಲೂ ಈ ಮನೆಯಲ್ಲಿ ಸರದಿ ಸಿಗಲಿಲ್ಲವಲ್ಲ ಎಂದು ಒಂದು ಕ್ಷಣ ಸಿಟ್ಟು ಬಂತು, ಮರುಕ್ಷಣ ಆ ಸಿಟ್ಟಿಗೂ ನಾಚಿಕೆಯಾಯಿತು. ಬೆವರು ಹುಬ್ಬಿನಿಂದ ಇಳಿಯುತ್ತಿತ್ತು.

"ಒಂದು ಕತ್ತರಿ ಕೊಡ್ತೀಯಾ?" ಎಂದು ಹೆಂಡತಿಯನ್ನು ಕೇಳಿದ.

"ಕೊಡಲ್ಲ. ಕೈಯಲ್ಲೇ ಬಿಚ್ಚಿ" ಎಂದಳು ಅವಳು. ಫ್ಯಾನ್ ಹಾಕಿ, ಅದರ ಕೆಳಗೆ ಕುರ್ಚಿ ಎಳೆದುಕೊಂಡು, ನೋಡುತ್ತ ಕೂತಳು.